ಕೆಂಡದ ಮೀನೂ ನಳದ ನೀರೂ

ಗೋಪನಕೊಪ್ಪದ ಬಾಳವ್ವ ಹುಟ್ಟಿದ್ದು ಅಮ್ಮಿನಬಾವಿಯ ಲಿಂಗವಂತರ ಮನೆಯಲ್ಲಿ. ಗಂಡ ತೀರಿಹೋದ ಮೇಲೆ ಇಸ್ತಿಯಾಕನ ಬಣ್ಣದ ಮೀನಿನ ಅಂಗಡಿಯಲ್ಲಿ ಕಸ ಹೊಡೆಯಲು ನಿಂತಳು.

"ಮೀನ ಮುಟ್ಟಿದ ಕೈಲೇ ಅಡಗಿಮನಿ ಹೊಕ್ಕೀ ಮತ್ತ" ಎಂದು ನಾದಿನಿ ಶಾಂಭವಿ ಚುಚ್ಚುವಳು.

"ಅವು ನೋಡೂ ಮೀನವಾ, ತಿನ್ನೂವಲ್ಲ. ನಾ ಯಾಕ ಮುಟ್ಟಲಿ?"

ಮುಟ್ಟಿಯೂ ಇರಲಿಲ್ಲ.

ಅಂಗಡಿಯಲ್ಲಿ ಕಡಲ ಮೀನು ಒಂದೇ. ಕೆಂಡದ ಮೈ, ಅಡ್ಡ ಕಪ್ಪು ಗೆರೆ, ರೆಕ್ಕೆಯ ತುದಿಗೆ ನೀಲಿ. ದೂರದ ದ್ವೀಪಗಳ ಹವಳದ ಸಂದಿಯಲ್ಲಿ ಬಾಳುವಂಥದ್ದು. ಇಸ್ತಿಯಾಕನ ಜೀವವೆಲ್ಲ ಅದರ ಮೇಲೆಯೇ. ಅದಕ್ಕೆ ಉಪ್ಪುನೀರೇ ಆಗಬೇಕೆಂದು ಮಾತ್ರ ಬಾಳವ್ವನಿಗೆ ಯಾರೂ ಹೇಳಿರಲಿಲ್ಲ.

ಅವನು ಧಾರವಾಡಕ್ಕೆ ಹೋದ ದಿನವೇ ನಳಕ್ಕೆ ನೀರು ಬಂತು. ವಾರಕ್ಕೊಮ್ಮೆ ಬರುವ ನೀರು. ಹೊಸದು ಬಂದರೆ ಹಳೆಯದನ್ನು ತೆಗೆದು ತುಂಬುವುದು ಈ ಊರಿನ ಹೆಂಗಸರ ರೂಢಿ. ಹಳೆಯದನ್ನೂ ಚೆಲ್ಲುವುದಿಲ್ಲ, ನೆಲ ಒರೆಸಲು ಎತ್ತಿಡುತ್ತಾರೆ. ಬಾಳವ್ವ ಕೆಂಡದ ಮೀನಿನ ತೊಟ್ಟಿಯ ನೀರನ್ನೂ ಎರಡು ಬಕೆಟ್ಟಿಗೆ ತೋಡಿ, ನಳದ ಪೈಪು ಬಿಟ್ಟಳು.

ಮೀನು ಗಾಜಿಗೆ ಬಡಿಯಿತು. ಆಮೇಲೆ ಮಗ್ಗುಲಾಗಿ ತೇಲಿತು. ಕೆಂಡ ಬೂದಿಯಾಗತೊಡಗಿತು. ಬಾಳವ್ವ ಇಸ್ತಿಯಾಕನಿಗೆ ಫೋನು ಮಾಡಿದಳು.

"ತಮ್ಮಾ, ಹೊಸಾ ನೀರ ಹಾಕಿದ್ನೆಪಾ. ಮೀನ ಮಗ್ಗಲಾತು."

"ಕಾಕೂ, ಅದು ಸಮುದ್ರದ ಮೀನರಿ, ಸಿಹಿನೀರಾಗ ಸಾಯ್ತೈತಿ. ಹಳೇ ನೀರ ಚೆಲ್ಲಿದ್ರೇನು?"

"ಬಕೆಟ್ಟಿನ್ಯಾಗ ಐತಿ. ಒಂದರಾಗ ಒರಸೂ ಅರಿವಿ ಅದ್ದೀನಿ."

"ಇನ್ನೊಂದರಾಗ ಬಿಡ್ರಿ, ಲಗೂ. ನಾ ಹೊಳ್ಳಿ ಬರಾಕತ್ತೀನಿ, ಬೈರಿದೇವರಕೊಪ್ಪ ದಾಟೇನಿ."

"ಮೀನ ಹಿಡಿಯೂ ಬಲಿ ಎಲ್ಲೈತೋ?"

"ನನ್ನ ಗಾಡ್ಯಾಗ ಐತಿ. ಕೈಲೇ ಹಿಡೀರಿ."

ಬಾಳವ್ವ ಎಡಗೈಯಿಂದ ಎದೆಯ ಲಿಂಗವನ್ನು ಒತ್ತಿ ಹಿಡಿದು ಬಲಗೈ ನೀರಿಗಿಳಿಸಿದಳು. ಮೀನು ಜಾರಿತು. ಮತ್ತೆ ಜಾರಿತು. ಕಡೆಗೆ ಸಿಕ್ಕಾಗ ಅದರ ಕಿವಿರು ಅಂಗೈಗೆ ಪಟಪಟ ಬಡಿಯಿತು. ಮೈ ಜುಮ್ಮೆಂದರೂ ಬಿಡಲಿಲ್ಲ. ಬಕೆಟ್ಟಿಗಿಳಿಸಿ, ತೊಟ್ಟಿಗೆ ಗಾಳಿಯೂದುವ ಕೊಳವೆಯನ್ನೂ ಅದರೊಳಗಿಟ್ಟು, ಪಕ್ಕದಲ್ಲೇ ಕುಕ್ಕರಿಸಿದಳು. ಮೀನು ಮಿಸುಕಲಿಲ್ಲ.

ಇಸ್ತಿಯಾಕ ಓಡಿಬಂದಾಗ ತೊಟ್ಟಿ ತುಂಬಿ ನೀರು ಹೊಸಿಲು ದಾಟಿ ಓಣಿಗೆ ಹರಿಯುತ್ತಿತ್ತು.

"ನಳಾ ಬಂದ್ ಮಾಡಬಾರದೇನ್ರಿ ಕಾಕೂ?"

ಒಂದು ತಂಬಿಗೆ ನೀರನ್ನೂ ಪೋಲು ಮಾಡದ ಬಾಳವ್ವ ತಲೆ ಎತ್ತಲಿಲ್ಲ.

"ಹರೀಲಿ ಬಿಡು. ಮೀನ ಈಗರ ನೆಟ್ಟಗಾಗಾಕತ್ತೈತಿ. ಬಾ, ನೋಡು."