ಸೀರೆಯಲ್ಲಿ ಸರೋವರ ಮಾಡಿದ ಮೇಷ್ಟ್ರು

ನಮ್ಮ ಮನೆಯಿಂದ ಯಾರೂ ಬಿ.ಎ. ಪಾಸು ಮಾಡಲಾರರು ಎಂದವರು ನನ್ನ ಸೋದರಮಾವ. ಸಿಟ್ಟಿನಿಂದ ಹೇಳಿದ್ದಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಲಾಳಿ ಎಸೆಯುತ್ತಲೇ, ಈ ಸಲ ಮಳೆ ಬರಲ್ಲ ಅನ್ನುವ ಹಾಗೆ ಹೇಳಿದರು. "ಆ ಕರೀ ಗೌನು ನಮ್ಮ ಮೈಗೆ ಒಪ್ಪಲ್ಲ ಕಣಪ್ಪ."

ಯಾವ ಮೈಗೆ ಯಾವ ವೇಷ ಒಪ್ಪುತ್ತದೆ ಎಂಬ ವಿಚಾರದಲ್ಲಿ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅವರ ಮಾತೇ ಕೊನೆ. ಅವರು ನಾಟಕದ ಮೇಷ್ಟ್ರು. ನೇಯುವವರಿಗೂ ಉಳುವವರಿಗೂ ಮಾತು, ಹಾಡು, ಹೆಜ್ಜೆ ಕಲಿಸಿ, ಆಟದ ದಿನ ರಂಗದ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತು, ಎಲ್ಲರನ್ನೂ ಕಣ್ಣಲ್ಲೇ ನಡೆಸುತ್ತಿದ್ದರು. ನಿರ್ದೇಶಕ ಎಂಬ ಮಾತು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ.

ಯುದ್ಧದ ಕಾಲ. ನೂಲಿಗೆ ಕಂಟ್ರೋಲು ಬಂದು ಮಗ್ಗಗಳು ನಿಂತಿದ್ದವು. ಕೆಲಸವಿಲ್ಲದ ಗಂಡಸರು ನಮ್ಮ ಜಗಲಿಯಲ್ಲಿ ಕೂತು ಒಂದೇ ವಾದ ಮಾಡುತ್ತಿದ್ದರು. ಈ ತಲೆಮಾರಿನ ದೊಡ್ಡ ಮೇಷ್ಟ್ರು ಯಾರು, ನಮ್ಮ ಮಾವನೋ, ದೇವನಹಳ್ಳಿ ಕಡೆಯವರೋ? ದೇವನಹಳ್ಳಿಯವರು ಕಂಪನಿ ನಾಟಕದಲ್ಲಿದ್ದು ಬಂದವರು, ಅವರ ಬಳಿ ಮಖಮಲ್ಲಿನ ಪರದೆ ಇತ್ತು. ಮಾವನ ಬಳಿ ಒಂದು ಸರೋವರವಿತ್ತು. ಕೌರವ ಓಡಿ ಬಂದು ನೀರಲ್ಲಿ ಅಡಗುವಾಗ, ಇಬ್ಬರು ಶಿಷ್ಯರು ನೀಲಿ ರೇಷ್ಮೆ ಸೀರೆಯೊಂದನ್ನು ಅಡ್ಡ ಹಿಡಿದು ಅಲುಗಿಸುವರು, ಹಿಂದೆ ಗ್ಯಾಸ್‌ಲೈಟು. ಅಷ್ಟೇ. ಆದರೆ ನೀರೇ ಬಂದಂತಾಗಿ ಮುಂದೆ ಕೂತವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಅದನ್ನು ನೋಡಲೆಂದೇ ಮಾಕಳಿದುರ್ಗದ ಕಡೆಯಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು.

ದೇವನಹಳ್ಳಿಯ ಪರವಾಗಿ ವಾದಿಸುತ್ತಿದ್ದವರು ಬೀದಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುವ ನನ್ನ ದೊಡ್ಡಪ್ಪ. "ನಿಮ್ಮ ಮೇಷ್ಟ್ರು ಕಲಿಸಿದ್ರೆ ಭೀಮನೂ ಮೂಗಲ್ಲೇ ಹಾಡ್ತಾನೆ, ದ್ರೌಪದಿನೂ ಮೂಗಲ್ಲೇ ಅಳ್ತಾಳೆ."

"ನಿಮ್ಮೋರ್ದು ಬರೀ ಪರದೆ," ಎನ್ನುತ್ತಿದ್ದರು ಅಪ್ಪ. "ಎತ್ತಿದ್ರೆ ಒಳಗೇನೈತೆ?"

ನಾನು ಆಗ ಬೆಂಗಳೂರಲ್ಲಿ ಒಂದು ಧರ್ಮಛತ್ರದಲ್ಲಿ ಉಂಡು ಕಾಲೇಜು ಓದುತ್ತಿದ್ದೆ. ರಜೆಗೆ ಬಂದಾಗ ದೊಡ್ಡಪ್ಪ ನನ್ನನ್ನೂ ಎಳೆದರು. "ಏನಪ್ಪಾ ಕಾಲೇಜು, ನೀನು ಹೇಳು."

ಪಟ್ಟಣದ ಕೆಲವು ನಾಟಕಗಳಲ್ಲಿ ಆಡಿಸುವವರು ರಂಗದ ಮೇಲೆ ಕಾಣುವುದೇ ಇಲ್ಲ, ಒಳಗಿರುತ್ತಾರೆ ಎಂದೆ.

"ಕಾಣ್ದೇ ಇರೋನು ದೊಡ್ಡೋನು ಅಂತ ಹೆಂಗ್ಲಾ ಗೊತ್ತಾಗೋದು?" ಎಂದರು ದೊಡ್ಡಪ್ಪ. ಜಗಲಿಯೆಲ್ಲ ನಕ್ಕಿತು. ಆಮೇಲೆ ಮಾವನ ಕಡೆ ತಿರುಗಿ, "ದೀಪ ಇದ್ರೆ ಎಲ್ಲಾರೂ ದೊಡ್ಡೋರೇ. ಈಗ ಸೀಮೆಎಣ್ಣೆ ಇಲ್ವಲ್ಲ, ಏನ್ಮಾಡ್ತೀಯ?" ಎಂದರು.

ಅಷ್ಟು ದಿನ ತಮ್ಮ ವಿಷಯದ ವಾದದಲ್ಲಿ ಬಾಯಿ ಬಿಡದಿದ್ದ ಮಾವ ಅಂದು ಎದ್ದು ನಿಂತರು. "ಹಗಲಲ್ಲಿ ಆಡಿಸ್ತೀನಿ. ಅವರೂ ಆಡಿಸ್ಲಿ. ಆಮೇಲೆ ಹೇಳಿ."

ದೇವನಹಳ್ಳಿಯ ಮೇಷ್ಟ್ರು ಒಲ್ಲೆ ಎಂದು ಹೇಳಿ ಕಳಿಸಿದರು. ಮಾವ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೇರೆ ಊರಿನವರು ಮತ್ತೆ ತಮ್ಮನ್ನು ಕರೆಯುವುದಿಲ್ಲ ಎಂಬುದು ಅವರ ಲೆಕ್ಕ.

ಕೆರೆಯ ಪಕ್ಕದ ಮಾವಿನ ತೋಪಿನಲ್ಲಿ, ಮಧ್ಯಾಹ್ನ, ನಾಟಕ. ದ್ರೌಪದಿಯ ಗದ್ದ ಬೋಳಿಸಿದ ಕಡೆ ಹಸಿರಾಗಿತ್ತು. ಕಿರೀಟದ ರಟ್ಟು ರಟ್ಟಾಗಿಯೇ ಕಂಡಿತು. ಆದರೂ ಮಾವನ ಮೇಲಿನ ಮರ್ಯಾದೆಗೆ ಜನ ಸುಮ್ಮನೆ ಕೂತಿದ್ದರು. ಕೌರವನ ಪಾತ್ರ ನಮ್ಮ ಪಕ್ಕದ ಮನೆಯ ನೇಕಾರನದು. ಅವನು ಓಡಿ ಬಂದ. ಮಾವ ಹಾರ್ಮೋನಿಯಂ ಮೇಲಿಂದ ಕಣ್ಣೆತ್ತಿ ಸನ್ನೆ ಮಾಡಿದರು. ಶಿಷ್ಯರು ಸೀರೆ ಹಿಡಿದು ಅಲುಗಿಸಿದರು.

ಅದು ಸೀರೆಯಾಗಿಯೇ ಉಳಿಯಿತು.

"ಅದು ನಮ್ಮ ಚಿಕ್ಕವಳ ಮದ್ವೆ ಸೀರೆ ಅಲ್ವೇನೇ?" ಎಂದಳು ಹೆಂಗಸರ ಸಾಲಿನಲ್ಲಿ ಒಬ್ಬಳು.

"ಅದ್ಯಾಕೋ ಅಂಚಲ್ಲಿ ಎಳೆ ತಪ್ಪೈತೆ ನೋಡೇ."

ಬೇರೆ ಊರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅಲ್ಲಿ ಕೂತಿದ್ದವರೆಲ್ಲ ನೇಯುವವರು. ತಪ್ಪಿದ ಎಳೆ ಎಂದ ಮೇಲೆ ಅವರ ಕಣ್ಣು ನಿಲ್ಲುವುದುಂಟೆ? ಹಿಂದಿದ್ದವರು ಎದ್ದು ನಿಂತರು. ಮುಂದಿದ್ದವರು ರಂಗದ ಹತ್ತಿರ ಹೋಗಿ ಅಂಚು ಮುಟ್ಟಿ ನೋಡಿದರು. ಯಾರ ಮಗ್ಗದ್ದು ಎಂಬ ಮಾತು ಎದ್ದಿತು. ಆಗ ಸರೋವರದಲ್ಲಿ ಅಡಗಿದ್ದ ಕೌರವ, ಕಿರೀಟದ ಸಮೇತ ಸೀರೆಯ ಮೇಲಿಂದ ತಲೆ ಎತ್ತಿ, "ನಾನು ನೇಯ್ದಾಗ ಸರಿಯಾಗೇ ಇತ್ತು ಕಣ್ರಪ್ಪಾ," ಎಂದ.

ತೋಪು ತುಂಬ ನಗು. ಅಪ್ಪನೂ ನಕ್ಕರು. ಹಾರ್ಮೋನಿಯಂ ನಿಂತಿತು.

"ಆಡಿಸ್ದೇ ಗೆದ್ದ ನೋಡು ದೇವನಹಳ್ಳಿಯೋನು," ಎಂದು ದೊಡ್ಡಪ್ಪ ಸಂಜೆ ಜಗಲಿಯಲ್ಲಿ ಹೇಳಿದರು. ಯುದ್ಧ ಮುಗಿಯಿತು, ಸೀಮೆಎಣ್ಣೆ ಬಂತು, ಮಾವನನ್ನು ಕರೆಯಲು ಯಾವ ಊರಿನವರೂ ಬರಲಿಲ್ಲ. ಟೆಂಟ್ ಸಿನಿಮಾ ಬಂದ ಮೇಲೆ ದೇವನಹಳ್ಳಿಯವರಿಗೂ ಕರೆ ನಿಂತಿತು. ಜಗಲಿಯ ಹೊಸ ಹುಡುಗರು ಈಗ ಸಿನಿಮಾ ನಟರ ಬಗ್ಗೆ ಕಿತ್ತಾಡುತ್ತಿದ್ದರು. ಮಾವ ಸೋತರು ಎಂದು ಹೇಳುವವರೂ ಉಳಿಯಲಿಲ್ಲ. ಹಾರ್ಮೋನಿಯಂ ಒಳಗೆ ಇಲಿ ಮರಿ ಹಾಕಿದ್ದವು, ಅವರು ಓಡಿಸಲಿಲ್ಲ.

ನಾನು ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ, ಪಾಸು ಮಾಡಿದೆ. ನಮ್ಮ ಬೀದಿಗೆ ಮೊದಲ ಬಿ.ಎ. ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಬಿಟ್ಟಿಯಾಗಿ ಬಂದದ್ದಲ್ಲ. ಮೈಸೂರಿನಲ್ಲಿ ಬಾಡಿಗೆ ಗೌನು ತೊಟ್ಟು ಪದವಿ ತೆಗೆದುಕೊಂಡು ಬಂದವನು ಸೀದಾ ಮಾವನ ಮನೆಗೆ ಹೋದೆ. ಆಗದು ಎಂದವರ ಕೈಗೇ ಮೊದಲು ಕೊಡಬೇಕು ಎಂದು ಅಷ್ಟು ವರ್ಷ ಅಂದುಕೊಂಡಿದ್ದೆ.

ಅವರು ಮಗ್ಗದಲ್ಲಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ಸರ್ಟಿಫಿಕೇಟು ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಇಂಗ್ಲಿಷು ಬಾರದು. ಬಟ್ಟೆ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಹಗಲಲ್ಲೇ ಕೊಟ್ರಾ?"

"ಹೂಂ ಮಾವ."

"ಆ ಕರೀ ಗೌನು ಹಾಕ್ಕೊಂಡೇ ಇದ್ಯಾ, ಅಷ್ಟೂ ಜನದ ಎದುರ್ಗೆ?"

"ಹೂಂ."

ಮಡಿಕೆ ಬೀಳದಂತೆ ನನ್ನ ಕೈಗೆ ಹಿಂದಿರುಗಿಸಿ, ಲಾಳಿ ಎತ್ತಿಕೊಂಡು ಕೇಳಿದರು.

"ಯಾರೂ ನಗ್ಲಿಲ್ವೇನೋ?"