ಕ್ಲೀನರ್ ಸೈಡಿನ ಗಾಲಿ

ಆಂಟಾಪ್ ಹಿಲ್‌ನ ಖೋಲಿ ಬಿಟ್ಟು ವಿಕ್ರೋಳಿಯ ಕಂಪನಿ ಕ್ವಾರ್ಟರ್ಸಿಗೆ ಹೋಗಲು ನಾನು ತುದಿಗಾಲಲ್ಲಿ ನಿಂತಿದ್ದು ಒಂದೇ ಕಾರಣಕ್ಕೆ. ಅಲ್ಲಿ ಸಂಡಾಸು ಮನೆಯೊಳಗೇ ಇತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಹಡೆದವ್ವನಿಗೆ ಲಕ್ವಾ ಹೊಡೆದು ಎಡಮೈ ಪೂರಾ ಬಿದ್ದುಹೋಗಿತ್ತು. ಧಾರವಾಡದ ಕಡೆ ಅವಳನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಮುಂಬಯಿಗೆ ಕರೆತಂದಿದ್ದೆವು. ಒಂದೇ ಖೋಲಿ, ಒಂದೇ ಮಂಚ. ಸಂಡಾಸು ಚಾಳಿನ ಆ ತುದಿಗೆ. ಅವ್ವನಿಗೆ ಮಂಚದ ಮೇಲೇ ಪಾತ್ರೆ ಹಿಡಿಯಬೇಕಿತ್ತು.

ಆದರೆ ಅಳಿಯ, ಅಂದರೆ ನನ್ನ ಗಂಡ, ಖೋಲಿಯಲ್ಲಿರುವಷ್ಟು ಹೊತ್ತೂ ಅವ್ವ ಬಾಯಿ ಬಿಡುತ್ತಿರಲಿಲ್ಲ. ಅವರು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಮೆಲ್ಲಗೆ, "ಇಲ್ಲೆ ಬಾ ಯವ್ವಾ" ಎಂದು ನನ್ನನ್ನು ಕರೆಯುವಳು. ಅಳಿಯನ ಮುಂದೆ ಅವಳೆಂದೂ ನೇರವಾಗಿ ಮಾತಾಡಿದವಳಲ್ಲ. "ಅಳಿಯಂದ್ರದು ಊಟ ಆತೇನು ಕೇಳು" ಎಂದು ನನಗೆ ಹೇಳುವಳು. ಅಳಿಯಂದಿರು ಅಲ್ಲೇ, ಅವಳ ಕಾಲ ಬದಿಗೆ, ಪೇಪರ್ ಹಿಡಿದು ಕೂತಿರುತ್ತಿದ್ದರು. "ಆತಂತ ಹೇಳು" ಎನ್ನುವರು ಅವರು. ಇಬ್ಬರ ನಡುವೆ ನನ್ನದು ಟಪಾಲಿನವನ ಕೆಲಸ.

ಸಾಮಾನು ಸಾಗಿಸುವ ದಿನ ಅವ್ವನನ್ನು ಹೇಗೆ ಒಯ್ಯುವುದು ಎಂಬ ಪ್ರಶ್ನೆ ಬಂತು. ಟ್ಯಾಕ್ಸಿಯಲ್ಲಿ ಕೂರಲು ಮೈ ಬಾಗದು. ಆಂಬುಲೆನ್ಸ್ ಅಂದರೆ, "ಅದರಾಗ ಹೋದವರು ಹೊಳ್ಳಿ ಬರಾಂಗಿಲ್ಲ" ಎಂದು ಹಟ ಹಿಡಿದಳು. ಕಡೆಗೆ ಟ್ರಕ್ಕಿನಲ್ಲೇ, ಡ್ರೈವರನ ಕ್ಯಾಬಿನ್ ಹಿಂದೆ ಮಂಚ ಕಟ್ಟಿ ಮಲಗಿಸಿದೆವು. ಹೊಸ ಮನೆಗೆ ಹೊರಟವಳಲ್ಲವೇ, ಇಳಕಲ್ ಸೀರೆಯೇ ಬೇಕು ಎಂದಳು. ಉಡಿಸಿದೆ. ಪೆಟ್ಟಿಗೆ, ಹಾಸಿಗೆ, ಕೊಡಪಾನಗಳ ನಡುವೆ ನಾನು ಅವಳ ತಲೆದೆಸೆಗೆ ಕೂತೆ. ನಮ್ಮವರು ಮುಂದೆ ಡ್ರೈವರನ ಪಕ್ಕ ಕೂತರು.

ಸಯನ್ ದಾಟಿ ಕುರ್ಲಾದ ಆಗ್ರಾ ರೋಡಿಗೆ ಬಂದೆವೋ ಇಲ್ಲವೋ, ಮುಂದಿನ ಎಡಗಾಲಿ ಪಂಕ್ಚರ್ ಆಯಿತು. ಎಡಗಡೆಗೆ ಕ್ಲೀನರ್ ಸೈಡ್ ಎನ್ನುತ್ತಾರೆ. ಆ ಕಡೆಯ ಗಾಲಿ ಬಿಚ್ಚುವುದು, ಹಾಕುವುದು ಎಲ್ಲ ಕ್ಲೀನರನ ಕೆಲಸ. ಅವತ್ತು ಕ್ಲೀನರ್ ಊರಿಗೆ ಹೋಗಿದ್ದ. ಡ್ರೈವರ್ ಬೆಳಗಾವಿಯವನು, ಬೇರೆ ಗಾಡಿ ಓಡಿಸುವವನು, ಈ ಟ್ರಕ್ಕನ್ನು ಆ ದಿನದ ಮಟ್ಟಿಗೆ ತಂದಿದ್ದ. ಪಾನಾ ಹಚ್ಚಿ ನಟ್ಟು ತಿರುಗಿಸಿದ. ಜಪ್ಪಯ್ಯಾ ಅಂದರೂ ಜಗ್ಗಲಿಲ್ಲ. ನಮ್ಮವರಿಗೋ ಇಂಥದ್ದು ಕಂಡರೆ ಸುಮ್ಮನೆ ಕೂರಲಾಗದು. ಅಂಗಿಯ ತೋಳು ಮಡಚಿ ಇಳಿದರು. ಪಾನಾಕ್ಕೆ ಉದ್ದನೆಯ ಪೈಪು ತೂರಿಸಿ ಅದರ ಮೇಲೆ ಹತ್ತಿ ಜಿಗಿದರು. ಟಕ್ ಎಂದು ನಟ್ಟು ಕೂರುವ ಸ್ಟಡ್ಡೇ ತುಂಡಾಗಿ ನಟ್ಟಿನ ಸಮೇತ ಬಿತ್ತು.

"ತುಕ್ಕು ಹಿಡದಿತ್ರಿ" ಎಂದ ಡ್ರೈವರ್. ಇನ್ನೊಂದಕ್ಕೂ ಜಿಗಿದರು. ಅದೂ ಹೋಯಿತು. ಮೇಲಿನಿಂದ ನಾನು, "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ! ಇನ್ನ ಸಾಕ ಮಾಡ್ರಿ, ಯಾರನ್ನರ ಕರಕೊಂಡ ಬರ್ರಿ" ಎಂದು ಕೂಗಿದೆ.

ಡ್ರೈವರ್ ಹತ್ತಿರದ ಗ್ಯಾರೇಜಿನಿಂದ ವಯಸ್ಸಾದ ಮಿಸ್ತ್ರಿಯೊಬ್ಬನನ್ನು ಕರೆತಂದ. ವಿಜಾಪುರದ ಕಡೆಯ ಸಾಬರವನು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿದ. ಗಾಲಿಯ ಮುಂದೆ ಕೂತು ಬಾಯಿ ಚಪ್ಪರಿಸಿದ. "ಈ ಗಾಡಿಗೆ ಎಡಕ್ಕ ಉಲ್ಟಾ ಚೂಡಿ ಇರತಾವ್ರಿ, ನಟ್ಟು ಬಲಕ್ಕ ತಿರುವಿದ್ರ ಬಿಚ್ಚತಾವು. ನೀವು ಬಿಚ್ಚತೇವಂತ ಬಿಗಿ ಮಾಡೀರಿ." ಮುರಿದ ಸ್ಟಡ್ಡುಗಳನ್ನು ಹಿಂದಿನಿಂದ ಬಡಿದು ತೆಗೆಯಬೇಕು, ಅದಕ್ಕೆ ಗಾಲಿಯಷ್ಟೇ ಅಲ್ಲ, ಒಳಗಿನ ಡ್ರಮ್ಮೂ ಹೊರಗೆ ಬರಬೇಕು ಎಂದ. ಡ್ರೈವರ್ ಹೊಸ ಸ್ಟಡ್ ತರಲು ಓಡಿದ.

ಜ್ಯಾಕ್ ಏರಿಸುವ ಮುಂಚೆ ಮಿಸ್ತ್ರಿ ಎಲ್ಲರೂ ಇಳಿಯಿರಿ ಎಂದ. ಅವ್ವ ನನ್ನ ಕೈ ಹಿಡಿದುಕೊಂಡಳು. "ನಾಕ ಮಂದಿ ಹೊತ್ತ ಇಳಸೋದು ಒಂದ ಸಲ. ಇವತ್ತ ಬ್ಯಾಡ." ಕಂಡವರ ಕೈ ಮೈಗೆ ತಾಗುವುದು ಅವಳಿಗೆ ಬೇಡವಾಗಿತ್ತು. ಮಿಸ್ತ್ರಿ ಯೋಚಿಸಿ, "ಮಕ್ಕೊಂಡಿರ್ಲಿ ಬಿಡ್ರಿ. ಅಲುಗಾಡಬಾರದಷ್ಟ. ನೀವು ಇಳೀರಿ ಅಕ್ಕಾರ" ಎಂದ. ನಾನು ಇಳಿದೆ.

ಗಾಲಿ ಹೊರಗೆ ಬಂತು, ಬೇರಿಂಗು ಸೀಮೆಎಣ್ಣೆಯ ಡಬ್ಬಿಗೆ ಹೋಯಿತು, ಡ್ರಮ್ಮು ಅವನ ತೊಡೆಯ ಮೇಲೆ ಬಂತು. ಸುತ್ತಿಗೆಯ ಪೆಟ್ಟು ಶುರುವಾಯಿತು. ಅಷ್ಟರಲ್ಲಿ ಎದುರಿನ ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬಿಟ್ಟಿತು. ಗಂಡಸರು ಇರುವೆ ಸಾಲಿನಂತೆ ಹೊರಬಂದು ನಮ್ಮ ಸುತ್ತ ನಿಂತರು. ಜ್ಯಾಕ್ ಮೇಲೆ ನಿಂತ ಗಾಡಿ, ಮೇಲೆ ಇಳಕಲ್ ಸೀರೆಯ ಮುದುಕಿ. ಪುಕ್ಕಟೆ ತಮಾಷೆ ಯಾರಿಗೆ ಬೇಡ?

ಆಗ ಮೇಲಿನಿಂದ ಕೇಳಿತು. "ಇಲ್ಲೆ ಬಾ ಯವ್ವಾ."

ಆ ದನಿ ಯಾಕೆಂದು ನನಗಲ್ಲದೆ ಇನ್ನಾರಿಗೆ ಗೊತ್ತು? ಹಿಂದಿನ ಟಾಯರ್ ಮೇಲೆ ಕಾಲಿಟ್ಟು ಹತ್ತಲು ಹೋದೆ. ಮಿಸ್ತ್ರಿ ಚೀರಿದ: "ಹತ್ತಬ್ಯಾಡ್ರಿ ಅಕ್ಕಾರ! ಜ್ಯಾಕ್ ಜರದ್ರ ನನ್ನ ಕಾಲು ಹೋಗತಾವು!" ಅವನ ಕಾಲೆರಡೂ ಗಾಡಿಯ ಅಡಿಗಿದ್ದವು.

"ಗಾಲಿ ಹಾಕಿ ಕೆಳಗ ಇಳಸ್ರಿ ಹಂಗಾರ, ಆಮ್ಯಾಲ ಮತ್ತ ಬಿಚ್ಚೀರಂತ."

"ಎಲ್ಲಾ ಬಿಚ್ಚಿ ಹಾಕೇನ್ರಿ. ಹಾಕಾಕೂ ಅಷ್ಟ ಹೊತ್ತು ಬೇಕು. ಸ್ಟಡ್ ಬರಲಿ, ಲಗೂ ಮುಗಸ್ತೀನಿ."

ಸ್ಟಡ್ ಬರಲಿಲ್ಲ. ಡ್ರೈವರ್ ಹೋದ ದಿಕ್ಕು ನೋಡಿದೆ. ಗುಂಪಿನತ್ತ ತಿರುಗಿ, "ಏನ್ ನೋಡ್ತೀರಿ? ಅಕ್ಕ ತಂಗ್ಯಾರು ಇಲ್ಲೇನ ನಿಮಗ? ಜಾವ್, ಜಾವ್!" ಎಂದು ಕಿರುಚಿದೆ. ಎರಡು ಹೆಜ್ಜೆ ಹಿಂದೆ ಸರಿದು ನಕ್ಕರು. ಬಡವನ ಕೋಪ ದವಡೆಗೆ ಮೂಲ. ಅಳು ಬಂತು. ಮಂಚ ನಾನು ಕೈ ಎತ್ತಿದರೆ ಮುಟ್ಟುವಷ್ಟು ಹತ್ತಿರವಿತ್ತು.

"ಯವ್ವಾ" ಎಂದಳು ಮತ್ತೆ. "ಒಂದ ಸ್ವಲ್ಪ ತಡಿ ಅವ್ವಾ, ಬಂದೆ, ಬಂದೆ" ಎಂದೆ. ಅದೆಷ್ಟು ಸಲ ಹಾಗೆ ಅಂದೆನೋ. ಸ್ವಲ್ಪ ಹೊತ್ತಿಗೆ ಅವಳು ಕರೆಯುವುದನ್ನು ನಿಲ್ಲಿಸಿದಳು.

ಹಲಗೆಯ ಸಂದಿನಿಂದ ಹನಿ ಇಳಿಯಿತು. ಧೂಳಿನಲ್ಲಿ ಒಂದು ಕಪ್ಪು ಕಲೆ ಕಂಡಿತು, ಆಮೇಲೆ ಅದು ದೊಡ್ಡದಾಯಿತು. ಗುಂಪಿನಲ್ಲೊಬ್ಬ, "ಪಾಣೀ ಗಳತಯ್" ಎಂದು ನೀರು ಸೋರುವತ್ತ ಬೆರಳು ಮಾಡಿದ. ನಮ್ಮವರು ಥಟ್ಟನೆ ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, "ಮಟಕಾ ಹೈ ಭಾಯಿ, ಮಟಕಾ ಫೂಟಾ" ಎಂದರು, ನೀರಿನ ಗಡಿಗೆ ಒಡೆದಿದೆ ಎಂಬಂತೆ. ಪಾಪ, ಅತ್ತೆಯ ಮಾನ ಉಳಿಸಲೆಂದೇ ಹೇಳಿದ್ದು. ನಾನೂ ಹೌದೆಂದು ತಲೆಯಾಡಿಸಿದೆ.

ಮೇಲಿನಿಂದ ಅವ್ವನ ದನಿ ಬಂತು. ಲಕ್ವಾ ಹೊಡೆದ ನಾಲಿಗೆ, ಆದರೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿತು.

"ಅಳಿಯಂದ್ರ, ಅದು ಮಟಕಾ ಅಲ್ರಿ. ನಾನು."

ಗುಂಪಿಗೆ ಕನ್ನಡ ತಿಳಿಯಲಿಲ್ಲ. ತಿಳಿದದ್ದು ಮೂವರಿಗೆ. ಮಿಸ್ತ್ರಿಯ ಸುತ್ತಿಗೆ ನಿಂತಿತು. ಅವನು "ಯಾ ಅಲ್ಲಾ" ಎಂದಷ್ಟೇ ಹೇಳಿ ತಲೆ ತಗ್ಗಿಸಿ ಕೂತ. ನಮ್ಮವರು ಗಾಡಿಗೆ ಬೆನ್ನು ಮಾಡಿ ರಸ್ತೆ ನೋಡುತ್ತ ನಿಂತರು. ಇಷ್ಟು ವರ್ಷಗಳಲ್ಲಿ ಅವ್ವ ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಡ್ರೈವರ್ ಬಂದ. ಹೊಸ ಸ್ಟಡ್ಡುಗಳನ್ನು ಹಿಂದಿನಿಂದ ಬಡಿದು ಕೂರಿಸಿ, ಡ್ರಮ್ಮು ಹಾಕಿ, ಪಂಕ್ಚರ್ ಆದದ್ದರ ಬದಲು ಸ್ಟೆಪ್ನಿ ಗಾಲಿ ಏರಿಸಿ, ಮಿಸ್ತ್ರಿ ಜ್ಯಾಕ್ ಇಳಿಸಿದ. ನಾನು ಹತ್ತಿ ಅವ್ವನ ಮೇಲೆ ಚಾದರ ಹೊದಿಸಿದೆ. ಒದ್ದೆ ಇಳಕಲ್ ಸೀರೆಯಲ್ಲೇ ಅವಳು ಹೊಸ ಮನೆ ಸೇರಿದಳು. ಮೈ ತೊಳೆದು ಬೇರೆ ಸೀರೆ ಉಡಿಸಿದೆ.

ಮರುದಿನದಿಂದ ಅವ್ವ ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಿ ಒಣಗಿದಾಗ ಒಂದು ಗುಟುಕು, ಅಷ್ಟೇ. "ಕುಡಿ ಅವ್ವಾ, ಇಲ್ಲೆ ಯಾರೂ ಇಲ್ಲ" ಎಂದು ಬೈದೆ, ಬೇಡಿಕೊಂಡೆ. ಹಲ್ಲು ಕಚ್ಚಿ ಮುಖ ತಿರುಗಿಸುವಳು. ಡಾಕ್ಟರು ಚೆನ್ನಾಗಿ ನೀರು ಕುಡಿಸಿ ಎಂದು ಹೇಳಿ ಹೋದರು. ಒಂದು ಸಂಜೆ ನಮ್ಮವರು ಕೆಲಸದಿಂದ ಬಂದವರೇ ಲೋಟ ತುಂಬಿಕೊಂಡು ಮಂಚದ ಬಳಿ ಹೋದರು. "ಅತ್ತಿ, ನನ್ನ ಕೈಲೆ ಒಂದ ಗುಟುಕು ಕುಡೀರಿ" ಎಂದರು. ಅವ್ವ ಬಲಗೈಯಿಂದ ಸೆರಗು ಮುಖದ ಮೇಲೆ ಎಳೆದುಕೊಂಡಳು. ಅವರು ಬಹಳ ಹೊತ್ತು ಲೋಟ ಹಿಡಿದು ನಿಂತೇ ಇದ್ದರು.