ಎಡಗಡೆಯ ಕನ್ನಡಿ

ಶಾಲೆಯಲ್ಲಿ ಆಟ ಆಡಿದ್ದಕ್ಕೆ ಪೆಟ್ಟು ತಿಂದವನು ನಾನು. ಐವತ್ತೆರಡನೇ ವಯಸ್ಸಿನಲ್ಲಿ ಆಟ ಆಡಲು ಬಾರದೆ ಫೇಲಾದೆ. ಅದೂ ಹದಿನೈದು ಮಂದಿ ಡ್ರೈವರುಗಳ ಎದುರಿಗೆ.

ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಲಾರಿಗೆ ಕ್ಲೀನರ್ ಆಗಿ ಹೋದೆ. ಲಾರಿಯಿಂದ ಬಸ್ಸಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಕುಂದಾಪುರದಿಂದ ಹಾಲಾಡಿ ದಾರಿಯಾಗಿ ಅಮಾಸೆಬೈಲಿಗೆ ದಿನಕ್ಕೆ ಮೂರು ಟ್ರಿಪ್. ಯಾವ ತಿರುವಿನಲ್ಲಿ ಯಾರ ಮನೆಯ ನಾಯಿ ಮಲಗಿರುತ್ತದೆ ಎಂಬುದೂ ನನಗೆ ಗೊತ್ತು. ಇಷ್ಟು ವರ್ಷದಲ್ಲಿ ನನ್ನ ಬಸ್ಸು ಒಂದು ಸೈಕಲ್ಲಿಗೂ ತಾಗಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಚ್ಚುಗಾರಿಕೆಗೇ ಹೇಳುತ್ತಿದ್ದೇನೆ.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಬಸ್ಸಿನ ಧಣಿಗಳು ಒಂದು ಹೊಸ ಬಸ್ಸು ತಂದರು. ಅದರ ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ, ಗುಂಡಿ ಡ್ರೈವರನ ಕೈ ಹತ್ತಿರ. ಅದು ಅಮಾಸೆಬೈಲು ದಾರಿಗೇ ಎಂದು ಗೊತ್ತಾದ ದಿನವೇ ನಾನು ಮನಸ್ಸಿನಲ್ಲಿ ಅದಕ್ಕೆ ಹೂಮಾಲೆ ಹಾಕಿಯಾಗಿತ್ತು. ಆದರೆ ಧಣಿಗಳು ಒಂದು ಶರತ್ತು ಹಾಕಿದರು.

"ಬ್ರಹ್ಮಾವರಕ್ಕೆ ತರಬೇತಿಗೆ ಹೋಯ್ಕ್. ಅಲ್ಲಿ ಕಂಪ್ಯೂಟರಿನ ಬಸ್ಸ್ ಬಿಡ್ಕ್. ನೂರಕ್ಕೆ ಅರ್ವತ್ ಬಂದ್ರೆ ಹೊಸ ಬಸ್ಸ್ ನಿಂದೇ. ಬರ್ದಿದ್ರೆ ನೀನ್ ಬದ್ಲಿ ಡ್ರೈವರ್."

ಬದಲಿ ಡ್ರೈವರ್ ಎಂದರೆ ರಜೆ ಹಾಕಿದವರ ಸೀಟಿನಲ್ಲಿ ಕೂರುವವನು. ಇವತ್ತು ಬೈಂದೂರು, ನಾಳೆ ಕೊಕ್ಕರ್ಣೆ. ಯಾವ ದಾರಿಯೂ ಅವನದಲ್ಲ. ನನಗೆ ಮೈಯೆಲ್ಲ ಉರಿಯಿತು.

"ನಂಗೆ ಬಸ್ಸ್ ಬಿಡುಕೆ ಕಲ್ಸುವರ್ ಯಾರ್ ಧಣಿ?"

"ಕಲ್ಸುದಲ್ಲ ಮಾರಾಯ, ಆಟ ಅಂಬ್ರ್. ಹೋಯಿ ಆಡ್ಕಂಡ್ ಬಾ."

ಸೋಮವಾರ ಹೋದೆ. ಸಭಾಂಗಣದ ನಡುವೆ ಒಂದು ಬಸ್ಸಿನ ಸೀಟು, ಸ್ಟೇರಿಂಗು, ಗೇರು. ಎದುರಿಗೆ ಮೂರು ದೊಡ್ಡ ಪರದೆ. ನಡುವಿನದರಲ್ಲಿ ರಸ್ತೆ, ಎರಡು ಬದಿಯವುಗಳಲ್ಲಿ ಒಂದೊಂದು ಕನ್ನಡಿ. ಗೋಡೆಯ ಮೇಲೆ ಇನ್ನೊಂದು ಪರದೆ. ಅದರಲ್ಲಿ ಆಡಿದವರ ಹೆಸರು, ಅಂಕ, ನಕ್ಷತ್ರ. ಹೆಚ್ಚು ಬಂದವರು ಮೇಲೆ, ಕಡಿಮೆ ಬಂದವರು ಕೆಳಗೆ. ಸುತ್ತಲಿನ ಮೂರು ತಾಲೂಕುಗಳ ಡ್ರೈವರುಗಳು ಹಿಂದಿನ ಕುರ್ಚಿಗಳಲ್ಲಿ ಕೂತು, ಒಬ್ಬೊಬ್ಬರ ಸರದಿಯನ್ನೂ ಕ್ರಿಕೆಟ್ ನೋಡಿದ ಹಾಗೆ ನೋಡುತ್ತಿದ್ದರು. ಕೊಕ್ಕರ್ಣೆ ದಾರಿಯ ಒಬ್ಬ ಪ್ರಾಯದ ಡ್ರೈವರ್ ಎಂಬತ್ತೆಂಟು ಅಂಕ ತೆಗೆದು, ಮೂರು ನಕ್ಷತ್ರ ಗಳಿಸಿ ಬಾಟಲಿ ನೀರು ಕುಡಿಯುತ್ತಿದ್ದ.

ತರಬೇತಿ ಕೊಡುವವಳು ಘಟ್ಟದ ಮೇಲಿನ ಊರಿನ ಹುಡುಗಿ. "ಇದನ್ನ ಪರೀಕ್ಷೆ ಅಂದ್ಕೋಬೇಡಿ ಸರ್, ಗೇಮ್ ಅಂದ್ಕೊಳ್ಳಿ" ಎಂದಳು.

ಕೂತೆ. ಚಾವಿ ತಿರುಗಿಸಿದೆ. ಗುರ್ ಎಂದು ಸದ್ದು ಬಂತು. ಪರದೆಯಲ್ಲಿ ಜನ ಹತ್ತಿದರು. ನಾನು ಕೂತೇ ಇದ್ದೆ.

"ಸರ್, ಹೊರಡಿ."

"ಹೊರಡ್ತೆ ಮೇಡಂ. ರೈಟ್ ಆಯ್ಲಿ."

"ಯಾವ ರೈಟ್?"

"ಸೀಟಿ ಊದ್ಕಲೆ!"

ಹಿಂದಿನಿಂದ ನಗೆ ಎದ್ದಿತು. ಬೈಂದೂರಿನ ಒಬ್ಬ ಡ್ರೈವರ್ ಕೂಗಿದ: "ಹ್ವಾಯ್, ಕಂಪ್ಯೂಟರಿಗೆ ಕಂಡಕ್ಟರ್ ಇಲ್ಲೆ ಮಾರಾಯ್ರೆ! ದೀಪಾವಳಿವರಿಗೂ ಅಲ್ಲೇ ಕೂಕಂತ್ರಿಯಾ?"

ನನ್ನ ತಪ್ಪೆಂಥದು ಹೇಳಿ. ಕಂಡಕ್ಟರ್ ಸೀಟಿ ಊದದೆ ನನ್ನ ಕಾಲು ಕ್ಲಚ್ಚಿನಿಂದ ಏಳುವುದೇ ಇಲ್ಲ. ಇಪ್ಪತ್ತೇಳು ವರ್ಷದ ಅಭ್ಯಾಸ. ನಾನು ಹೊರಡುವಷ್ಟರಲ್ಲಿ ತಡ ಮಾಡಿದ್ದಕ್ಕೆ ಹತ್ತು ಅಂಕ ಹೋಗಿತ್ತು. ಸ್ವಲ್ಪ ಮುಂದೆ ರಸ್ತೆ ಬದಿಯಲ್ಲಿ ಒಬ್ಬಳು ಹೆಂಗಸು ಚೀಲ ಹಿಡಿದುಕೊಂಡು ಕೈ ಎತ್ತಿದಳು. ನಿಲ್ಲಿಸಿದೆ.

"ಸರ್, ಅದು ಸ್ಟಾಪಲ್ಲ."

"ಕೈ ಎತ್ತಿದ್ಲಲೆ!"

"ಅದು ಬರೀ ಚಿತ್ರ ಸರ್."

"ಚಿತ್ರ ಆರೆ ಕೈ ಎಂತಕೆ ಎತ್ತುದ್?"

ಇನ್ನೈದು ಅಂಕ ಹೋಯಿತು. ಒಟ್ಟು ಬಂದದ್ದು ಮೂವತ್ನಾಲ್ಕು. ಗೋಡೆಯ ಪರದೆಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಕೆಳಗೆ ಹೋಗಿ ಕೂತಿತು.

ಮಧ್ಯಾಹ್ನ ಊಟಕ್ಕೆ ಒಬ್ಬನೇ ಕೂತಿದ್ದೆ. ಆ ಹುಡುಗಿ ತಟ್ಟೆ ಹಿಡಿದು ನನ್ನ ಎದುರಿಗೇ ಬಂದಳು. ಈ ಆಟ ಮಾಡಿದವರು ಬಸ್ಸನ್ನೇ ನೋಡಿಲ್ಲ ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

"ತಿರುವಿನಲ್ಲಿ ಎಲ್ರಿಗಿಂತ ಜಾಸ್ತಿ ಅಂಕ ನಿಮ್ದೇ ಸರ್. ಒಂದೇ ಒಂದು ಕಡೆ ಪೂರ್ತಿ ಸೊನ್ನೆ. ನೋಡಿ."

ಕೈಯಲ್ಲಿದ್ದ ಟ್ಯಾಬಿನಲ್ಲಿ ತೋರಿಸಿದಳು. ನನ್ನ ಕಣ್ಣು ಎತ್ತ ಹೋಯಿತು ಎಂದು ಆ ಯಂತ್ರ ಲೆಕ್ಕ ಇಟ್ಟಿತ್ತು. ಎಡಗಡೆಯ ಕನ್ನಡಿಯನ್ನು ಒಂದು ಸಲವೂ ನೋಡಿರಲಿಲ್ಲ. ಆಮೇಲೆ ನನ್ನ ಬಸ್ಸನ್ನೇ ಹೊರಗಿನಿಂದ ಕಾಣುವ ಹಾಗೆ ತೋರಿಸಿದಳು. ಮೂರನೇ ಸ್ಟಾಪಿನಲ್ಲಿ ಒಬ್ಬಳು ಮುದುಕಿ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದಾಳೆ. ಇನ್ನೊಂದು ಕಾಲು ನೆಲದಲ್ಲಿರುವಾಗಲೇ ನಾನು ಬಸ್ಸು ಬಿಟ್ಟಿದ್ದೇನೆ. ಮುದುಕಿ ರಸ್ತೆಗೆ ಬಿದ್ದಳು. ಬಸ್ಸು ಏನೂ ಆಗದ ಹಾಗೆ ಮುಂದೆ ಹೋಯಿತು.

"ಇದ್ ಯಾವಾಗ ಆದ್ದ್? ನಂಗೆ ಗೊತ್ತೇ ಆಯ್ಲಿಲ್ಲೆ."

"ಗೊತ್ತಾಗ್ತಿರ್ಲಿಲ್ಲ ಸರ್. ಕನ್ನಡಿ ನೋಡಿದ್ರೆ ಮಾತ್ರ ಕಾಣೋದು."

"ಎಡ್ಗಡೆ ಕಂಡಕ್ಟರಂದ್ ಮೇಡಂ. ಅವ ಬಾಗ್ಲ್ ಕಂಡ್ ಊದ್ತ, ನಾನ್ ಬಿಡ್ತೆ."

"ಹೊಸ ಬಸ್ಸಲ್ಲಿ ಬಾಗ್ಲು ಮುಚ್ಚೋ ಗುಂಡಿ ಯಾರ ಹತ್ರ ಇದೆ ಸರ್?"

ಕೈಯಲ್ಲಿದ್ದ ಅನ್ನ ಒಣಗಿತು. ಗುರುವಾರ ಮಧ್ಯಾಹ್ನ ಇನ್ನೊಂದು ಅವಕಾಶ ಇದೆ, ಬೆಳಿಗ್ಗೆ ಬಂದು ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡಬಹುದು ಎಂದಳು.

ನನ್ನ ಕಂಡಕ್ಟರ್ ಹತ್ತೊಂಬತ್ತು ವರ್ಷದಿಂದ ನನ್ನ ಜೊತೆಗೇ ಇದ್ದವನು. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು, ಮಾತಿನಲ್ಲಿ ಮಾತ್ರ ದೊಡ್ಡವನು. ವಿಷಯ ಕೇಳಿ ನನಗಿಂತ ಹೆಚ್ಚು ಸಿಟ್ಟು ಅವನಿಗೇ ಬಂತು.

"ನಾನಿಲ್ದೆ ನಿಮ್ಮನ್ ಕೂರ್ಸದ್ದೇ ತಪ್ಪ್. ಗುರುವಾರ ನಾನೂ ಬತ್ತೆ. ಆ ಕಂಪ್ಯೂಟರಿಗೆ ಬಸ್ಸ್ ಅಂದ್ರೆ ಎಂತ ಅಂದ್ ತೋರ್ಸುವ."

ಬಂದೇ ಬಿಟ್ಟ. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಹುಡುಗಿ ನಕ್ಕು, "ಅಭ್ಯಾಸಕ್ಕೆ ಪರವಾಗಿಲ್ಲ" ಎಂದು ನನ್ನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು. ಅವನು ಅದರಲ್ಲಿ ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತು, "ಹಾಲಾಡಿ, ಅಮಾಸೆಬೈಲ್, ಹತ್ತಿ ಹತ್ತಿ!" ಎಂದು ಶುರು ಮಾಡಿದ. ಸೀಟಿ ಕೇಳಿದ ಕೂಡಲೇ ನನ್ನ ಕಾಲು ತಾನಾಗಿ ಎದ್ದಿತು. ಬಸ್ಸು ನೀರಿನ ಮೇಲೆ ದೋಣಿ ಹೋದ ಹಾಗೆ ಹೋಯಿತು. ಒಂದನೇ ಸ್ಟಾಪು ದಾಟಿತು, ಎರಡನೆಯದೂ ದಾಟಿತು. ಮೂರನೆಯದರಲ್ಲಿ ಜನ ಹತ್ತಿದರು, ಅವನು ಊದಿದ, ನಾನು ಬಿಟ್ಟೆ.

"ಅಯ್ಯಯ್ಯೋ! ನಿಲ್ಸಿ ನಿಲ್ಸಿ!"

ಮುದುಕಿ ಬಿದ್ದಾಗಿತ್ತು. ಅವನ ಕಣ್ಣೆದುರಿಗೇ, ಎಡಗಡೆಯ ಪರದೆಯಲ್ಲಿ.

"ಊದದ್ದ್ ನೀನಲ್ದಾ?" ಎಂದೆ.

ಅವನು ಸೀಟಿಯನ್ನು ಬಾಯಿಂದ ತೆಗೆದ. ಮುಖ ಸಣ್ಣದಾಗಿತ್ತು.

"ನಾನ್ ಕಾಣ್ಲಿಲ್ಲೆ. ಹತ್ತುವರ್ ಸದ್ದ್ ನಿಂತ್ ಅಂದೇಳಿ ಊದ್ದೆ. ದಿನಾ ಹಾಂಗೇ ಅಲ್ದಾ? ಹಿಂದೆ ಟಿಕೆಟ್ ಮಾಡುವತ್ತಿಗೆ ಮುಂದಿನ್ ಬಾಗ್ಲ್ ನಂಗ್ ಎಲ್ ಕಾಂತ್? ಸದ್ದ್ ನಿಂತ್ರೆ ಊದುದ್."

"ಹಾಂಗಾರೆ ಇಷ್ಟ್ ವರ್ಷ ಮುಂದಿನ್ ಬಾಗ್ಲ್ ಕಂಡದ್ ಯಾರ್?"

"ದೇವ್ರೇ ಕಂಡಿರ್ಕ್."

ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ನಾನು ಅವನನ್ನು ನಂಬಿ ಬಿಡುತ್ತಿದ್ದೆ, ಅವನು ಸದ್ದನ್ನು ನಂಬಿ ಊದುತ್ತಿದ್ದ. ಒಂದು ಸೈಕಲ್ಲಿಗೂ ತಾಗದ ನನ್ನ ಲೆಕ್ಕದಲ್ಲಿ ಆ ಬಾಗಿಲಿನ ಮೆಟ್ಟಿಲು ಸೇರಿರಲೇ ಇಲ್ಲ.

"ಇನ್ನೊಂದ್ ಸಲ ಹಾಕಿ ಮೇಡಂ," ಎಂದೆ.

ಆವತ್ತು ಬೆಳಿಗ್ಗೆ ಹದಿನಾಲ್ಕು ಸಲ ಆಡಿದೆ. ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಮಾಸ್ಟ್ರು ಹೊಡೆದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದರು. ಪೆಟ್ಟಿನ ಉರಿ ಆರುವಷ್ಟರಲ್ಲಿ ತಪ್ಪಿದ್ದು ಎಲ್ಲಿ ಎಂಬುದೇ ಮರೆತುಹೋಗುತ್ತಿತ್ತು. ಈ ಯಂತ್ರಕ್ಕೆ ಸಿಟ್ಟೇ ಇಲ್ಲ. ಮುದುಕಿ ಬಿದ್ದಳೋ, ಮತ್ತೆ ಎದ್ದು ಅದೇ ಸ್ಟಾಪಿನಲ್ಲಿ ಬಂದು ನಿಲ್ಲುತ್ತಾಳೆ, ನೀನು ಕಲಿಯುವವರೆಗೂ ಬೀಳಲು ತಯಾರು. ಹೀಗೆ ಹತ್ತು ಸಲ ತಪ್ಪಲು ಬಿಟ್ಟಿದ್ದರೆ ನಾನು ಏಳನೇ ಕ್ಲಾಸನ್ನಾದರೂ ಕಾಣುತ್ತಿದ್ದೆನೋ ಏನೋ.

ಕಂಡಕ್ಟರ್ ಸೀಟಿಯನ್ನು ಕಿಸೆಗೆ ಹಾಕಿ ನನ್ನ ಎಡಗಡೆ ನಿಂತ. ನಾನು ಕನ್ನಡಿ ಮರೆತಾಗಲೆಲ್ಲ ಭುಜಕ್ಕೆ ಒಂದು ಗುದ್ದು. ಹತ್ತೊಂಬತ್ತು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಂಡ ಎಂದು ಕಾಣುತ್ತದೆ. ಹತ್ತನೇ ಸಲಕ್ಕೆ ಗುದ್ದು ಕಡಿಮೆಯಾಯಿತು. ಹದಿನಾಲ್ಕನೇ ಸಲಕ್ಕೆ ಕತ್ತು ತಾನಾಗಿ ತಿರುಗಿತು.

ಮಧ್ಯಾಹ್ನದ ಆಟಕ್ಕೆ ಅವನನ್ನು ಹೊರಗೆ ಕಳಿಸಿದರು. ಕಿಟಕಿಯ ಹೊರಗಿನಿಂದ ಇಣುಕುತ್ತಿದ್ದ. ಈ ಸಲ ನಾನು ಯಾರಿಗೂ ಕಾಯಲಿಲ್ಲ. ಕನ್ನಡಿ ನೋಡಿದೆ, ಮುದುಕಿಯ ಎರಡೂ ಕಾಲು ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿದೆ, ಆಮೇಲೆ ಬಿಟ್ಟೆ. ತಡವಾಯಿತೆಂದು ಅಲ್ಲಲ್ಲಿ ಅಂಕ ಹೋಯಿತು. ಹೋಗಲಿ ಎಂದೆ. ಕೊನೆಗೆ ಪರದೆಯಲ್ಲಿ ಅರವತ್ತಾರು ಎಂದು ಬಂತು. ಪಕ್ಕದಲ್ಲಿ ಒಂದೇ ಒಂದು ಹಳದಿ ನಕ್ಷತ್ರ.

ನೋಡಲೆಂದೇ ಬಂದಿದ್ದ ಕೊಕ್ಕರ್ಣೆಯವನು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ನಾನೇನು ಒಂದನೇ ಕ್ಲಾಸಿನ ಮಗುವಾ, ನಕ್ಷತ್ರ ನೋಡಿ ಹಿಗ್ಗಲಿಕ್ಕೆ ಎಂದುಕೊಂಡೆ. ಎಂದುಕೊಳ್ಳುತ್ತಲೇ ಫೋನು ತೆಗೆದು ಮೂರು ಫೋಟೋ ಹೊಡೆದೆ.

ಹೊಸ ಬಸ್ಸಿನ ಚಾವಿ ನನಗೇ ಸಿಕ್ಕಿತು. ಮೊದಲ ದಿನ, ಮೊದಲ ಟ್ರಿಪ್. ಪ್ರತಿ ಸ್ಟಾಪಿನಲ್ಲೂ ಸೀಟಿ ಆದ ಮೇಲೆ ನಾನು ಎಡಗಡೆಯ ಕನ್ನಡಿ ನೋಡಿ, ಬಾಗಿಲು ಮುಚ್ಚಿ ಹೊರಡುತ್ತಿದ್ದೆ. ಹಾಲಾಡಿಯಲ್ಲಿ ಹತ್ತಿ ಮುಂದಿನ ಸೀಟು ಹಿಡಿದ ಒಬ್ಬರಿಗೆ ತಾಳ್ಮೆ ಮುಗಿಯಿತು.

"ಎಂತ ಹ್ವಾಯ್, ಕನ್ನಡಿ ಕಂಡ್ ಕಂಡ್ ಬಿಡ್ತ್ರಿ? ಹೆಣ್ ಕಾಂಬುಕೆ ಹೊರಟದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಂಡಕ್ಟರ್ ಹೇಳಿದ: "ನಿಮ್ಮ ಹೆಂಡ್ತಿ ಹತ್ತುತಿದ್ರ್ ಮಾರಾಯ್ರೆ, ಬಿಟ್ಟಿಕ್ ಹೋಪನಾ?"

ಬಸ್ಸಿಡೀ ನಕ್ಕಿತು. ಅವರ ಹೆಂಡತಿ ಮೆಟ್ಟಿಲಲ್ಲಿ ನಿಂತು, "ಹೌದಾ, ಬಿಟ್ಟಿಕ್ ಹೋಪುಕೆ ಹೇಳಿದ್ರಾ?" ಎಂದು ಗಂಡನನ್ನು ಕೇಳುತ್ತಲೇ ಒಳಗೆ ಬಂದರು. ಬಾಗಿಲು ಮುಚ್ಚಿದೆ.

ಅಮಾಸೆಬೈಲಿಗೆ ಹೋಗಿ ಮುಟ್ಟುವಾಗ ನಾಲ್ಕು ನಿಮಿಷ ತಡ. ನಮ್ಮ ಲೈನಿನಲ್ಲಿ ನಾಲ್ಕು ನಿಮಿಷ ಎಂದರೆ ಸಣ್ಣ ಮಾತಲ್ಲ, ಹಿಂದಿನ ಬಸ್ಸಿನವರು ಜಗಳಕ್ಕೇ ಬರುತ್ತಾರೆ. ಬಸ್ಸು ನಿಲ್ಲಿಸಿ ಇಳಿಯುವಷ್ಟರಲ್ಲಿ ಧಣಿಗಳ ಫೋನು ಬಂತು.

"ಹೊಸ ಬಸ್ಸ್ ಕೊಟ್ಟದ್ದ್ ತಡ ಮಾಡುಕಾ? ಎಂತ ಆಯ್ತ್?"

"ಎಂತದೂ ಆಯ್ಲಿಲ್ಲೆ ಧಣಿ. ಕನ್ನಡಿ ಕಾಂತಿದ್ದೆ."

"ಎಷ್ಟ್ ಹೊತ್ತ್ ಕಾಂತೆ ಅದನ್ನ?"

"ಎಲ್ರೂ ಹತ್ತುವರಿಗೆ."

"ಸೈ, ಹಾಂಗಾರೆ ಬಸ್ಸಿನ್ ಟೈಮ್ ಬದ್ಲ್ ಮಾಡ್ಸುವ," ಎಂದು ಹೇಳಿ ಫೋನ್ ಇಟ್ಟರು.